ಕಟಕಟೆಯ ಮೇಲಿನ ನೊಣ

ಪಿಂಗಾಣಿ ಕಪ್ಪಿನ ಅಂಚಿಗೆ ಅಂಟಿದಂತೆ ಕೂತ ನೊಣವನ್ನು ತುಟಿಗೆ ತಾಗಿಸಿಕೊಂಡೇ ಅವಳು ಹನ್ನೊಂದು ವರ್ಷಗಳಿಂದ ಬೆಳಗಿನ ಕಾಫಿ ಕುಡಿಯುತ್ತ ಬಂದಿದ್ದಳು. ಅರಮನೆಯ ಸಭಾಂಗಣದ ಚಾವಣಿಯಲ್ಲಿ ಬರೆದಿರುವ ನೊಣದ ನಕಲು ಅದು. ಅರಮನೆಯ ಹೆಬ್ಬಾಗಿಲ ಪಕ್ಕದ ಅಂಗಡಿಯಲ್ಲಿ ಅದೇ ನೊಣ ಕರವಸ್ತ್ರದ ಮೂಲೆಯಲ್ಲಿ, ಬೀಗದ ಕೈ ಗೊಂಚಲಿನ ಮೇಲೆ, ಪೆನ್ಸಿಲಿನ ತುದಿಯ ರಬ್ಬರಿನ ಮೇಲೆ ಕೂಡ ಕೂತು ಮಾರಾಟಕ್ಕಿದೆ. ಕಪ್ಪನ್ನು ಗಂಡ ಪ್ರೀತಿಯಿಂದ ಕೊಂಡು ತಂದು, ನಿನ್ನ ಆಫೀಸಿನವರು ಮನೆಗೂ ಬಂದರು ನೋಡು ಎಂದು ತಮಾಷೆ ಮಾಡಿದ್ದ. ಅವಳೂ ನಕ್ಕಿದ್ದಳು. ನಗದೆ ಇದ್ದಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಇವತ್ತು ಮಾತ್ರ ಕಾಫಿಯನ್ನು ಅರ್ಧಕ್ಕೇ ನಿಲ್ಲಿಸಿದಳು. ಹತ್ತು ಗಂಟೆಗೆ ದೀಪದವನು ಬರುತ್ತಾನೆ. ನೇರಳೆ ಬೆಳಕಿನ ದೀಪವೊಂದನ್ನು ಹೊತ್ತು ಊರೂರಿನ ಹಳೆಯ ಚಿತ್ರಗಳನ್ನು ಪರೀಕ್ಷಿಸುವ ಅವನಿಗೆ ಅರಮನೆಯ ಕೆಲಸದವರು ಇಟ್ಟ ಹೆಸರು ಅದು. ಆ ಬೆಳಕಿನಲ್ಲಿ ಹಳೆಯ ವಾರ್ನಿಶ್ ಪಾಚಿಯ ಹಾಗೆ ಹಸಿರಾಗಿ ಹೊಳೆಯುತ್ತದೆ. ಅದರ ಮೇಲೆ ಈಚೆಗೆ ಯಾರಾದರೂ ಬಣ್ಣ ಹಚ್ಚಿದ್ದರೆ ಅಷ್ಟು ಜಾಗ ಮಾತ್ರ ಕಪ್ಪಗೆ ಕಾಣುತ್ತದೆ. ಕಳೆದ ಮಳೆಯಲ್ಲಿ ಮಾಡು ಸೋರಿ ದೊಡ್ಡ ಸಭಾಂಗಣದ ಚಾವಣಿಯಲ್ಲಿ ತೇವದ ಕಲೆಯೊಂದು ಮೂಡಿತ್ತು. ಅಷ್ಟು ವಿಶಾಲವಾದ ಚಾವಣಿಯಲ್ಲಿ ಅದಕ್ಕೆ ಬೇರೆ ಜಾಗವೇ ಸಿಗದೆ, ಸರಿಯಾಗಿ ಆ ನೊಣದ ಕಾಲಬುಡಕ್ಕೇ ಬಂದು ನಿಂತಿತ್ತು. ಕಲೆಗೆ ಔಷಧ ಮಾಡುವ ಮೊದಲು ಅಲ್ಲಿ ಹಳೆಯ ಬಣ್ಣವೆಷ್ಟು ಹೊಸದೆಷ್ಟು ಎಂದು ದೀಪ ಹೇಳಬೇಕು. ಹಳೆಯದನ್ನು ಉಳಿಸಬೇಕು, ಹೊಸದನ್ನು ಒರೆಸಬೇಕು. ಅರಮನೆಯಲ್ಲಿ ಈ ನಿಯಮವನ್ನು ಜಾರಿಗೆ ತಂದವಳು ಚಿತ್ರರಕ್ಷಣೆಯ ಮುಖ್ಯಸ್ಥೆಯಾದ ಅವಳೇ. ತಾನು ತೋಡಿದ ಗುಂಡಿಗೆ ತಾನೇ ಬೀಳುವುದು ಎಂದರೆ ಇದೇ ಎಂದುಕೊಂಡು ಉಳಿದ ಕಾಫಿಯನ್ನು ಸಿಂಕಿಗೆ ಚೆಲ್ಲಿದಳು.

ಅರಮನೆಯ ಹಿಂಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೆಲ ಸವೆಯದಿರಲೆಂದು ಎಲ್ಲರಿಗೂ ಕೊಡುವ ಉಣ್ಣೆಯ ಮೆಟ್ಟುಗಳನ್ನು ಹಾಕಿಕೊಳ್ಳುವಾಗ ಕಾವಲುಗಾರ, ಏನು ಮೇಡಂ, ಮುಖ ಒಂದು ಥರಾ ಇದೆ ಎಂದ. ನಿದ್ದೆ ಇಲ್ಲ ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ವಭಾವ ಅವಳದು. ಕಾವಲುಗಾರನನ್ನು ದಾಟಿದ ಮೇಲೆ ಒಳಗಿನ ಓಣಿಯ ಕನ್ನಡಿಯಲ್ಲಿ ನಿಜಕ್ಕೂ ಮುಖ ನೋಡಿಕೊಂಡಳು. ಕನ್ನಡಿಯ ಸುತ್ತ ಚಿನ್ನದ ನೀರು ಕುಡಿದ ಹಗ್ಗ. ಈ ಮನೆಯ ತುಂಬ ಹಗ್ಗವೇ. ಕಟ್ಟಿಸಿದವನ ಅಪ್ಪ ಬೀದಿಬದಿಯಲ್ಲಿ ಹಗ್ಗ ಹೊಸೆಯುತ್ತಿದ್ದವನು. ಮಗ ಹಡಗುಗಳಿಗೆಲ್ಲ ಹಗ್ಗ ಒದಗಿಸಿ ಸಿರಿವಂತನಾಗಿ, ಪದವಿ ಪಡೆದು, ಪದವಿಗೆ ತಕ್ಕ ಅರಮನೆ ಎಬ್ಬಿಸಿದ. ಹುಟ್ಟು ಶ್ರೀಮಂತರು ಔತಣಕ್ಕೆ ಬಂದು ಹೊಟ್ಟೆ ಬಿರಿಯ ಉಂಡು, ಬೆನ್ನ ಹಿಂದೆ 'ಹಗ್ಗದವರು' ಎಂದು ಆಡಿಕೊಂಡರು. ಅದು ಅವನ ಕಿವಿಗೂ ಬಿತ್ತು. ಅವನು ಜಗಳಕ್ಕೆ ಹೋಗಲಿಲ್ಲ. ಗಾರೆಯವರನ್ನು ಕರೆಸಿ ಪ್ರತಿ ಕೋಣೆಯಲ್ಲೂ ಗೋಡೆ ಚಾವಣಿ ಕೂಡುವ ಕಡೆ ಸುತ್ತಲೂ ಗಾರೆಯ ಹಗ್ಗ ಮಾಡಿಸಿದ. ಇನ್ನೂ ಏನೇನು ಆಡಿಕೊಳ್ಳುತ್ತಾರೋ ಕೇಳೋಣವೆಂದು ಸಭಾಂಗಣದ ಚಾವಣಿಯನ್ನು ಬೋಗುಣಿಯ ಹಾಗೆ ಬಾಗಿಸಿ, ಒಂದು ಮೂಲೆಯ ಕುರ್ಚಿಯಲ್ಲಿ ಕೂತರೆ ಎದುರು ಮೂಲೆಯ ಪಿಸುಮಾತು ಕಿವಿಯಲ್ಲೇ ಹೇಳಿದಷ್ಟು ಚೆನ್ನಾಗಿ ಕೇಳುವಂತೆ ಮಾಡಿಸಿದ. ಅವಮಾನವನ್ನು ಹೀಗೆ ಅಲಂಕಾರ ಮಾಡಿಕೊಂಡವನ ಮೇಲೆ ಅವಳಿಗೆ ಮೊದಲಿನಿಂದಲೂ ಅಕ್ಕರೆ. ಅವಳು ಇಸ್ತ್ರಿ ಅಂಗಡಿಯವನ ಮಗಳು. ಈ ಮನೆಗೆ ಬಂದ ಮೊದಲ ದಿನವೇ ಹಳೆಯ ಕೆಲಸದವರು, ಸೆಕೆ ಆಗುತ್ತಿದೆ, ಆ ಕಿಟಕಿ ತೆಗೆ ಎಂದಿದ್ದರು. ಹೋಗಿ ಅಗುಳಿಗೆ ಕೈ ಹಾಕಿದರೆ ತಣ್ಣನೆ ಗೋಡೆ. ಪಕ್ಕದವರ ಮನೆಗೆ ಒತ್ತಿಕೊಂಡ ಆ ಗೋಡೆಯಲ್ಲಿ ಕಿಟಕಿ ಇಡುವಂತಿರಲಿಲ್ಲ. ಎದುರು ಗೋಡೆಗೆ ಜೋಡಿಯಾಗಲೆಂದು ನಾಲ್ಕು ಕಿಟಕಿಗಳನ್ನು ಬಣ್ಣದಲ್ಲೇ ಬರೆದಿದ್ದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕಾಗ ನಗದೆ ನಿಂತವರು ಮೇಷ್ಟ್ರೊಬ್ಬರೇ. "ನೀನು ಒಂದು ಕೈ ಹಾಕಿದೆ. ನಾನು ಎರಡೂ ಕೈ ಹಾಕಿ ಎಳೆದಿದ್ದೆ, ಬಾ ಮಗೂ" ಎಂದಿದ್ದರು. ಅವಳಿಗೆ ಈ ಕಸುಬನ್ನು ಕಲಿಸಿದವರು, ಅವಳಿಗಿಂತ ಮೊದಲು ಈ ಚಿತ್ರಗಳನ್ನೆಲ್ಲ ಕಾಪಾಡಿದವರು ಅವರು. ಹೋದ ವರ್ಷ ತೀರಿಕೊಂಡರು.

ಸಭಾಂಗಣದ ಪರದೆಗಳನ್ನೆಲ್ಲ ಎಳೆದು ಕತ್ತಲೆ ಮಾಡುವುದಕ್ಕೆ ಮೊದಲು ಅವಳು ಒಮ್ಮೆ ತಲೆಯೆತ್ತಿ ನೋಡಿದಳು. ಚಾವಣಿಯ ಅಂಚಿನ ಸುತ್ತ ಚಿತ್ರದ ಕಟಕಟೆ; ಅದಕ್ಕೆ ಒರಗಿ ಕೆಳಗೆ ಉಣ್ಣುವವರನ್ನು ಇಣುಕಿ ನೋಡುವ ಮನೆಮಂದಿ: ಯಜಮಾನ, ಹೆಂಡತಿ, ಅತ್ತೆ, ಮೂವರು ನಾದಿನಿಯರು, ಒಂದು ನಾಯಿ. ಮೇಲೆ ಆಕಾಶ. ಬರೆದವನು ಯಾವುದೋ ಊರಿನಿಂದ ನಡೆದುಕೊಂಡು ಬಂದವನಂತೆ. ಏಳು ವರ್ಷ ಅಡುಗೆಯವರ ಜೊತೆ ಕೂತು ಉಂಡು, ಅಡುಗೆಯವಳನ್ನೇ ಮೋಡದ ಮೇಲೆ ದೇವತೆಯಾಗಿ ಕೂರಿಸಿ, ಉಂಡ ಮನೆಯ ಉಪಕಾರ ತೀರಿಸಿ ಹೋದ. ಕಟಕಟೆಯ ಮೇಲೆ ಒಡೆದ ದಾಳಿಂಬೆಯೊಂದನ್ನು ಇಟ್ಟು, ನೊಣವೊಂದನ್ನು ಬರೆದ. ಮೊದಲ ಯಜಮಾನ ಬರೆದ ಕಾಗದ ಒಂದು ಗಾಜಿನ ಪೆಟ್ಟಿಗೆಯಲ್ಲಿದೆ: ದಾಳಿಂಬೆಯ ಮೇಲೆ ಕೂತ ನೊಣಕ್ಕೆ ಅತಿಥಿಗಳು ಕರವಸ್ತ್ರ ಬೀಸಿದರು, ಹಗ್ಗದವನ ಮನೆಯಲ್ಲಿ ಇವತ್ತು ನಾನು ನಗುವ ಸರದಿ. ನೊಣ ಇರುವುದು ದಾಳಿಂಬೆಯ ಮೇಲಲ್ಲ, ಅಲ್ಲಿಂದ ಒಂದು ಮೊಳ ದೂರ, ಬರಿಯ ಕಟಕಟೆಯ ಮೇಲೆ. ಮುದುಕನಿಗೆ ಮರೆವು ಎಂದು ಪಂಡಿತರು ಅಡಿಟಿಪ್ಪಣಿ ಹಾಕಿದ್ದಾರೆ. ದಿನಕ್ಕೆ ಎಂಟು ಸಲ ಗೈಡ್ ಈ ಜಾಗದಲ್ಲಿ ನಿಂತು, ನೋಡಿ, ಇನ್ನೂರು ವರ್ಷದಿಂದ ಅಲ್ಲಾಡದೆ ಕೂತಿದೆ ಎನ್ನುತ್ತಾನೆ, ಎಲ್ಲರ ಕತ್ತು ಮೇಲೇಳುತ್ತದೆ. ಆ ಹೊತ್ತಿಗೆ ಅವಳು ಸಭಾಂಗಣದಲ್ಲಿದ್ದರೆ ಏನೋ ಮರೆತವಳಂತೆ ಹೊರಟುಬಿಡುತ್ತಿದ್ದಳು. ಇಪ್ಪತ್ತೆರಡು ವರ್ಷ ಸುತ್ತುದಾರಿಯ ಓಣಿಯಲ್ಲಿ ಓಡಾಡಿದ್ದಾಳೆ.

ದೀಪದವನು ಸಮಯಕ್ಕೆ ಸರಿಯಾಗಿ ಬಂದ. ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಸದಾ ಸಿಳ್ಳೆ ಹಾಕುವ ಬಾಯಿ. ಅಟ್ಟಣಿಗೆಯ ಏಣಿ ಹತ್ತುವಾಗ ಅವಳಿಗೆ, ನಿಧಾನ ಮೇಡಂ ಎಂದ. ಮೂರು ವಾರದಿಂದ ಅವಳು ಏನೇನೋ ಯೋಚಿಸಿದ್ದಳು. ರಜೆ ಹಾಕುವುದು. ರಾಜೀನಾಮೆ ಕೊಡುವುದು. ನೊಣದ ಮೇಲೊಂದು ಪದರ ಹಳದಿ ವಾರ್ನಿಶ್ ಎಳೆದು ದೀಪದ ಕಣ್ಣಿಗೆ ಮಣ್ಣೆರಚುವುದು. ಇದನ್ನು ಯೋಚಿಸಿದ್ದಕ್ಕೆ ನಾಚಿಕೆಯಾಗಿ ಎರಡು ದಿನ ಗಂಡನ ಮುಖ ನೋಡಿರಲಿಲ್ಲ. ತನ್ನ ಮಾನ ಹೋಗುತ್ತದೆ, ಹೋಗಲಿ, ಮಾಡಿದ್ದುಣ್ಣೋ ಮಹರಾಯ. ಸತ್ತವರ ಹೆಸರಿಗೆ ಮಸಿ ಬಳಿಯುವುದು ಹೇಗೆ? ಈ ಕಸುಬಿನಲ್ಲಿ ನಿಮ್ಮದು ಅಂತ ಒಂದು ಚುಕ್ಕೆ ಸಹ ಇಡಬೇಡಿ ಎಂದು ಮೂರು ತಲೆಮಾರಿನ ಶಿಷ್ಯರಿಗೆ ಕಲಿಸಿದ ಮನುಷ್ಯ ಕಳ್ಳ ನೊಣ ಬರೆದರು ಎಂದು ದೀಪ ಹೇಳುತ್ತದೆ. ಯಾರಿಗಾಗಿ ಬರೆದರು ಎಂದು ದೀಪ ಹೇಳುವುದಿಲ್ಲ. ಅದನ್ನು ಅವಳೇ ಹೇಳಬೇಕು.

ಅವಳಿಗೆ ಆಗ ಇಪ್ಪತ್ತಮೂರು. ಇದೇ ಅಟ್ಟಣಿಗೆ, ಇದೇ ಮೂಲೆ. ಔತಣಗಳ ಮೇಣದಬತ್ತಿಗಳು ಇನ್ನೂರು ವರ್ಷ ಉಗುಳಿದ ಮಸಿ ಕಟಕಟೆಯ ಉದ್ದಕ್ಕೂ ಗೀಟುಗೀಟಾಗಿ ಕೂತಿತ್ತು. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ನಾಲಗೆಗೆ ತಾಗಿಸಿ ಒದ್ದೆ ಮಾಡಿ, ಚಿತ್ರದ ಮೇಲೆ ಮೆಲ್ಲಗೆ ಉರುಳಿಸುವುದು. ಎಂಜಲಿಗೆ ಸಮನಾದ ಔಷಧ ಈ ಕಸುಬಿನಲ್ಲಿ ಇನ್ನೊಂದಿಲ್ಲ. ದೊಡ್ಡವರ ಮನೆಗೆ ಎಂಜಲು ಹಚ್ಚಿ ಸಂಬಳ ತಗೊಳ್ಳೋರು ನಾವು ಮಾತ್ರ ಎಂದು ಮೇಷ್ಟ್ರು ನಗಿಸುತ್ತಿದ್ದರು. ಬೆಳಗಿನಿಂದ ನೂರು ಮಸಿಗೀಟು ತೆಗೆದಿದ್ದಳು. ಕೆಳಗಿನಿಂದ ನೋಡಿದರೆ ನೊಣವಾಗಿ ಕಾಣುವುದು ಮೂಗಿನ ಮುಂದಿದ್ದಾಗ ಬರೀ ಹೆಬ್ಬೆರಳುದ್ದದ ನಾಲ್ಕು ಕಪ್ಪು ಎಳೆತ. ನೂರಾ ಒಂದನೆಯ ಗೀಟೆಂದುಕೊಂಡು ಹತ್ತಿ ಉರುಳಿಸಿದಳು. ಎಷ್ಟು ಸಲೀಸಾಗಿ ಬಂತೆಂದರೆ, ಅವಳಿಗೆ ಹೆಮ್ಮೆಯೇ ಆಯಿತು. ಹತ್ತಿಯನ್ನು ತಿರುಗಿಸಿ ನೋಡಿದಾಗ ಕಪ್ಪಿನ ನಡುವೆ ರೆಕ್ಕೆಯಷ್ಟು ನೀಲಿ. ಮಸಿಯಲ್ಲಿ ನೀಲಿ ಇರುವುದಿಲ್ಲ. ಪಕ್ಕಕ್ಕೆ ಸರಿದು ನೋಡಿದಳು, ಅಲ್ಲಿ ಒಡೆದ ದಾಳಿಂಬೆ ಇತ್ತು.

ಮೇಷ್ಟ್ರು ಏಣಿ ಹತ್ತಿ ಬಂದು ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. "ಅಳೋದಾದ್ರೆ ಆ ಕಡೆ ತಿರುಗಿ ಅಳು ಮಗೂ, ಚಿತ್ರದ ಮೇಲೆ ಉಪ್ಪುನೀರು ಬೀಳಬಾರದು" ಎಂದರು. ಅವಳನ್ನು ಊಟಕ್ಕೆ ಕಳಿಸಿದರು. ಹತ್ತೇ ನಿಮಿಷದಲ್ಲಿ ಮರಳಿ ಬಂದರೆ ನೊಣ ಕೂತಿತ್ತು. ಒಂದು ಫೋಟೋ ನೋಡಿರಲಿಲ್ಲ, ಒಂದು ಅಳತೆ ತೆಗೆದಿರಲಿಲ್ಲ. ಕೈ ತೊಳೆದುಕೊಳ್ಳುತ್ತ, "ಇದು ಕೂತಲ್ಲೇ ಕೂರೋ ನೊಣ ಅಲ್ಲ, ಬಿಡು" ಎಂದರು. ಆಮೇಲೆ ಆ ಮಾತೇ ಇಲ್ಲ. ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಪ್ರತಿ ವರ್ಷ ಎತ್ತಬೇಕೆಂದುಕೊಂಡಳು. ಕೊನೆಗೆ ಆಸ್ಪತ್ರೆಯಲ್ಲಿ, ಲಕ್ವ ಹೊಡೆದು ಮಾತು ಬಿದ್ದುಹೋದ ಮೇಲೆ, ಮಂಚದ ಪಕ್ಕ ಕೂತು ಧೈರ್ಯ ಮಾಡಿ ಬಾಯಿ ತೆರೆಯುವಷ್ಟರಲ್ಲಿ ಅವರು ಬಲಗೈಯ ಎರಡು ಬೆರಳು ಎತ್ತಿ ಹೊದಿಕೆಯ ಮೇಲೆ ಏನನ್ನೋ ತಳ್ಳಿದ ಹಾಗೆ ಮಾಡಿದರು. ನೊಣ ಕಾಡುತ್ತಿದೆ ಎಂದುಕೊಂಡು ಅವಳು ಪೇಪರ್ ಮಡಚಿ ಬೀಸಿದಳು. ಅವರು ಅರ್ಧ ಮುಖದಲ್ಲಿ ನಕ್ಕರು. ಮತ್ತೆ ಬೆರಳು ಎತ್ತಿದರು. ಅವಳು ಮತ್ತೆ ಬೀಸಿದಳು. ಅಲ್ಲಿ ನೊಣವೇ ಇರಲಿಲ್ಲ ಎನ್ನುವುದು ಬಸ್ಸಿನಲ್ಲಿ ಮನೆಗೆ ಬರುವಾಗ ಹೊಳೆದಿತ್ತು. ಅದಕ್ಕೆ ಅರ್ಥವೇನೆಂದು ಹೊಳೆದಿರಲಿಲ್ಲ.

ದೀಪ ಹತ್ತಿತು. ಕಟಕಟೆ, ನಾದಿನಿಯರ ತೋಳು, ನಾಯಿಯ ಕಿವಿ ಎಲ್ಲ ಹಸಿರು ನೀರಿನಲ್ಲಿ ಮುಳುಗಿದಂತೆ ಮಿನುಗಿದವು. ನಡುವೆ ನೊಣ, ತೂತು ಕೊರೆದಷ್ಟು ಕಪ್ಪು. ದೀಪದವನ ಸಿಳ್ಳೆ ನಿಂತಿತು. ಅವನು ಏನಾದರೂ ಕೇಳುವ ಮೊದಲೇ ಹೇಳಿಬಿಡಬೇಕು. ಕೇಳಿದ ಮೇಲೆ ಹೇಳಿದರೆ ಅದು ಸಿಕ್ಕಿಬಿದ್ದವರ ಮಾತಾಗುತ್ತದೆ. ಮೂರು ವಾರ ತಿದ್ದಿ ತೀಡಿಟ್ಟುಕೊಂಡಿದ್ದ ವಾಕ್ಯ ಬಾಯಿಗೆ ಬರಲಿಲ್ಲ.

"ಅದು ನಾನು ಒರೆಸಿದ್ದು. ಇಪ್ಪತ್ತೆರಡು ವರ್ಷ ಆಯ್ತು. ಮಸಿ ಅಂದ್ಕೊಂಡು ಒರೆಸಿಬಿಟ್ಟೆ. ಮೇಷ್ಟ್ರು ನನ್ನ ಉಳಿಸೋಕೆ ಇನ್ನೊಂದು ಬರೆದ್ರು. ತಪ್ಪು ನಂದು, ಅವರದ್ದಲ್ಲ. ನೀವು ಹಾಗೇ ಬರೀರಿ" ಎಂದಳು.

ದೀಪದವನು ಅವಳ ಕಡೆ ನೋಡಲಿಲ್ಲ. ಮೂಗು ಚಿತ್ರಕ್ಕೆ ತಾಗುವಷ್ಟು ಬಗ್ಗಿದ್ದ. ಯಾವುದರಲ್ಲಿ ಒರೆಸಿದ್ರಿ ಎಂದು ಕೇಳಿದ. ಎಂಜಲಿನಲ್ಲಿ ಎಂದಳು. ಬರೀ ಎಂಜಲಿನಲ್ಲಾ ಎಂದ. ಹೌದು, ಮೂರು ಸಲ ಉರುಳಿಸಿದೆ, ಬಂತು ಎಂದಳು. ಅವನು ದೀಪವನ್ನು ಕೆಳಗಿಳಿಸಿ ಈಗ ಅವಳ ಮುಖ ನೋಡಿದ. "ಮೇಡಂ, ಇನ್ನೂರು ವರ್ಷದ ಎಣ್ಣೆಬಣ್ಣ ಎಂಜಲಿಗೆ ಬರುತ್ತಾ? ನೀವೇ ನಮಗೆ ಪಾಠ ಮಾಡಿದ್ದಲ್ವಾ?"

ಬರುವುದಿಲ್ಲ. ಉಜ್ಜಿ ಉಜ್ಜಿ ಬೆರಳು ಸವೆದರೂ ಬರುವುದಿಲ್ಲ. ಎಂಜಲಿಗೆ ಬರುವುದು ನೀರಿನಲ್ಲಿ ಕಲಸಿದ ಬಣ್ಣ; ರಿಪೇರಿಯವರು ಹಚ್ಚುವ ಬಣ್ಣ, ನಮ್ಮ ಕೈಕೆಲಸವನ್ನು ಮುಂದೆ ಬರುವವರು ಬೇಡವೆಂದರೆ ಅಳಿಸುವಂತಿರಬೇಕು ಎಂದು ಬೇಕೆಂದೇ ಹಾಗೆ ಹಚ್ಚುವ ಬಣ್ಣ. ಇದನ್ನು ಅವಳು ಸಾವಿರ ಸಲ ಬೇರೆಯವರಿಗೆ ಹೇಳಿದ್ದಾಳೆ. ತನ್ನ ವಿಷಯಕ್ಕೆ ಬಂದಾಗ ಒಮ್ಮೆಯೂ ತಲೆಗೆ ಹೋಗಿರಲಿಲ್ಲ. ತಪ್ಪಿತಸ್ಥೆ ಎಂದು ತೀರ್ಮಾನವಾದ ಮೇಲೆ ಸಾಕ್ಷಿ ಯಾರಿಗೆ ಬೇಕು? ದೀಪದವನು ಮತ್ತೆ ದೀಪ ಎತ್ತಿ, ಇಲ್ಲಿ ನೋಡಿ ಎಂದು ಬೆರಳು ತೋರಿಸಿದ. ನೊಣದ ಬಲಕ್ಕೆ, ಒಂದು ಬೆರಳಿನಷ್ಟು ದೂರದಲ್ಲಿ, ವಾರ್ನಿಶಿನ ಸುಕ್ಕುಗಳಲ್ಲಿ ಸಿಕ್ಕಿಕೊಂಡು ಉಳಿದ ಸಣ್ಣ ಕಪ್ಪು ಚುಕ್ಕೆಗಳ ಗುಂಪು: ಅವಳು ಒರೆಸಿದ ನೊಣದ ಗುರುತು. ಅದಕ್ಕಿಂತ ಆಚೆ, ನಾದಿನಿಯ ಸೆರಗಿನಂಚಿಗೆ, ಇನ್ನೊಂದು ಗುಂಪು, ಇನ್ನೂ ಮಸುಕು. ಅದಕ್ಕೂ ಆಚೆ ದಾಳಿಂಬೆಯ ಕೆನ್ನೆಯ ಮೇಲೆ ಮತ್ತೊಂದು. ಈಗ ಕೂತದ್ದೂ ಸೇರಿ ನಾಲ್ಕು ನೊಣ. "ಇನ್ನೂರು ವರ್ಷದಲ್ಲಿ ಒಂದು ಮೊಳ ನಡೆದಿದೆ ಮೇಡಂ ಇದು" ಎಂದು ಅವನು ನಗಲು ಶುರುಮಾಡಿದ.

"ನಮ್ಮ ಮನೇಲಿ ಅದು ಎಲ್ಲರಿಗೂ ಗೊತ್ತು ಕಣಮ್ಮ."

ಮಾತು ಅವಳ ಕಿವಿಯ ಪಕ್ಕದಲ್ಲೇ ಹುಟ್ಟಿತು. ಬೆಚ್ಚಿ ಹಿಂದೆ ನೋಡಿದರೆ ಯಾರೂ ಇಲ್ಲ. ಕೆಳಗೆ, ಕತ್ತಲೆಯಲ್ಲಿ, ಎದುರು ಮೂಲೆಯ ಕುರ್ಚಿಯಲ್ಲಿ ಬಿಳಿ ತಲೆಯೊಂದು ಕಂಡಿತು. ಹಗ್ಗದವರ ವಂಶದಲ್ಲಿ ಉಳಿದವರು ಅವರೊಬ್ಬರೇ, ಎಂಬತ್ತನಾಲ್ಕು ವರ್ಷದ ಅಮ್ಮಾವ್ರು. ಮೇಲಂತಸ್ತಿನ ಎರಡು ಕೋಣೆಯಲ್ಲಿ ಇರುತ್ತಾರೆ, ದಿನಾ ಬೆಳಿಗ್ಗೆ ಜನ ಬರುವ ಮುಂಚೆ ಆ ಕುರ್ಚಿಯಲ್ಲಿ ಅರ್ಧ ಗಂಟೆ ಕೂತು ಹೋಗುತ್ತಾರೆ. ಪಿಸುಮಾತಿನ ಕುರ್ಚಿ. ಅದರ ಕಥೆ ಗೊತ್ತಿಲ್ಲದವರು ಊರಲ್ಲೇ ಇಲ್ಲ, ಆದರೂ ಅವಳಿಗೆ ಈ ಹೊತ್ತಿನವರೆಗೆ ನೆನಪಾಗಿರಲಿಲ್ಲ. ಅಮ್ಮಾವ್ರು ದನಿಯೆತ್ತದೆ, ಪಕ್ಕದಲ್ಲಿ ಕೂತು ಸೊಪ್ಪು ಸೋಸುತ್ತ ಮಾತಾಡುವವರ ಹಾಗೆ ಹೇಳುತ್ತ ಹೋದರು. ನೀನು ಅತ್ತ ದಿನವೂ ನಾನು ಇಲ್ಲೇ ಕೂತಿದ್ದೆ. ನಿಮ್ಮ ಮೇಷ್ಟ್ರು ಅತ್ತ ದಿನವೂ ಇಲ್ಲೇ ಇದ್ದೆ. ಆಗ ನನಗೆ ಇಪ್ಪತ್ತೆಂಟು, ಅವರು ನನಗಿಂತ ಚಿಕ್ಕವರು. ನಿನ್ನ ಹಾಗೇ ಮಸಿ ಅಂದುಕೊಂಡು ಒರೆಸಿದರು. ನೀನು ಒರೆಸಿದ್ದು ಅವರು ಬರೆದ ನೊಣ. ಅವರು ಒರೆಸಿದ್ದು ಇನ್ಯಾರೋ ಬರೆದದ್ದು. ಈ ನೊಣ ಒಂದೇ ಜಾಗದಲ್ಲಿ ಕೂತದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು.

"ಮತ್ತೆ ಯಾಕೆ ಹೇಳಲಿಲ್ಲ ಅಮ್ಮಾವ್ರೇ?" ಅವಳ ದನಿ ಅವಳಿಗೇ ಒರಟಾಗಿ ಕೇಳಿತು.

"ಅವರು ಬೇಡ ಅಂದಿದ್ರು. ಹೇಳಿದ್ರೆ ಹುಡುಗಿ ಮನಸ್ಸು ಹಗುರ ಆಗುತ್ತೆ, ಕೈ ಭಾರ ಆಗುತ್ತೆ, ಅವಳಾಗಿ ಬಾಯಿ ಬಿಟ್ಟ ದಿನ ನಂದೂ ಹೇಳಿ ಅಂದಿದ್ರು. ನೀನು ಇಷ್ಟು ವರ್ಷ ತಗೋತೀಯ ಅಂತ ಅವರಿಗೇನು ಗೊತ್ತು, ನನಗೇನು ಗೊತ್ತು. ದಿನಾ ಬಂದು ಕೂತ್ಕೊಳ್ತಿದ್ದೆ."

ಅವಳಿಗೆ ಮೊದಲು ಬಂದದ್ದು ಸಿಟ್ಟು. ಸುತ್ತುದಾರಿಯ ಓಣಿ, ತುಟಿಗೆ ತಾಗುವ ನೊಣ, ಗಂಡನಿಗೂ ಹೇಳದೆ ನುಂಗಿಕೊಂಡದ್ದು, ಎಲ್ಲವೂ ಮುದುಕರಿಬ್ಬರ ಆಟವಾಗಿಬಿಟ್ಟಿತಲ್ಲ ಎಂದು ಕಣ್ಣು ಉರಿಯಿತು. ಅಟ್ಟಣಿಗೆಯ ಹಲಗೆಯ ಮೇಲೆ ಕೂತು ತನ್ನ ಬಲಗೈಯನ್ನು ನೋಡಿಕೊಂಡಳು. ಆ ದಿನದ ಮೇಲೆ ಈ ಕೈ ಎಷ್ಟು ಚಿತ್ರ ಮುಟ್ಟಿದೆ. ಪ್ರತಿ ಸಲ ಮುಟ್ಟುವ ಮೊದಲು ಒಂದು ಕ್ಷಣ ನಿಂತಿದೆ. ಇದು ಮಸಿಯೋ, ಯಾರೋ ಬರೆದದ್ದೋ ಎಂದು ಹತ್ತಿರದಿಂದ ನೋಡಿದೆ, ದೂರದಿಂದ ನೋಡಿದೆ. ಆ ಒಂದು ಕ್ಷಣದಲ್ಲಿ ಹಳೆಯ ಸಹಿಗಳು ಉಳಿದವು, ಯಾವುದೋ ಚಿತ್ರದ ತಾಯಿಯ ಕೆನ್ನೆಯ ಮಚ್ಚೆ ಉಳಿಯಿತು, ಯುದ್ಧದ ಚಿತ್ರವೊಂದರ ಮೂಲೆಯಲ್ಲಿ ಕೊಳೆಯೆಂದು ಎಲ್ಲರೂ ಹೇಳಿದ ಪುಟ್ಟ ದೋಣಿ ಉಳಿಯಿತು. ಕೈ ಅವಳದು, ಆ ಕ್ಷಣವನ್ನು ಕೊಟ್ಟವರು ಅವರು. ಹೊದಿಕೆಯ ಮೇಲೆ ತಳ್ಳಿದ ಎರಡು ಬೆರಳು ಹತ್ತಿಯ ಕಡ್ಡಿ ಹಿಡಿದಿದ್ದವು. ನೀನೂ ಒರೆಸಿದೆ, ನಾನೂ ಒರೆಸಿದೆ ಎನ್ನುತ್ತಿದ್ದವು. ಕಾದು ಸಾಕಾಗಿ ತಾವೇ ಹೇಳಲು ಹೊರಟಿದ್ದರು. ಅವಳು ಪೇಪರ್ ಬೀಸುತ್ತಿದ್ದಳು. ಅವರು ಯಾಕೆ ನಕ್ಕರೆಂದು ಈಗ ತಿಳಿದು ಅವಳಿಗೂ ನಗು ಬಂತು. ಅಳುವೂ ಬಂತು, ಅಭ್ಯಾಸದಂತೆ ಚಿತ್ರಕ್ಕೆ ಬೆನ್ನು ಮಾಡಿದಳು.

ದೀಪದವನು ದೊಡ್ಡ ಮನಸ್ಸಿನವನು, ಕೆಳಗಿಳಿದು ತಂತಿ ಸುತ್ತುವ ನೆಪ ಮಾಡಿಕೊಂಡ. ಅವಳು ಕಡ್ಡಿಗೆ ಹತ್ತಿ ಸುತ್ತಿ ನಾಲಗೆಗೆ ತಾಗಿಸಿದಳು. ಹೊಸದನ್ನು ಒರೆಸಬೇಕು, ನಿಯಮ ಅವಳದೇ. ಮೂರು ಸಲ ಉರುಳಿಸಿದಳು, ಅದೇ ಸಲೀಸಿನಲ್ಲಿ ಮೇಷ್ಟ್ರ ನೊಣ ಹತ್ತಿಗೆ ಬಂತು, ರೆಕ್ಕೆಯ ನೀಲಿಯೂ ಬಂತು. ಕ್ಷಮಿಸಿ ಎನ್ನಲು ಹೋಗಿ ನಾಲಗೆ ತಾನಾಗಿ ಹೊರಳಿ, ನಿಮ್ಮಿಂದ ಉಪಕಾರ ಆಯ್ತು ಮೇಷ್ಟ್ರೇ ಎಂದಿತು. ಆ ಹತ್ತಿಯನ್ನು ಎಸೆಯಲಿಲ್ಲ. ಕಾಗದದಲ್ಲಿ ಮಡಚಿ, ಮೇಲೆ ತಾರೀಖು ಬರೆದು ಜೇಬಿಗಿಟ್ಟಳು. ಕೆಲಸದ ಪುಸ್ತಕದಲ್ಲಿ ಅವತ್ತು ತಾನು ಇಪ್ಪತ್ತೆರಡು ವರ್ಷದ ಹಿಂದೆ ಮಾಡಿದ್ದನ್ನು ತನ್ನ ಹೆಸರಿನಲ್ಲೇ ಬರೆದಳು. ಕೆಳಗೆ, ಅವರೇ ಹೇಳಿಸಿದ್ದರಿಂದ, ಅವರು ಮಾಡಿದ್ದನ್ನೂ ಬರೆದಳು. ಮನೆಗೆ ಹೋಗಿ ಗಂಡನಿಗೆ ಹೇಳಿದರೆ ಅವನು, ಹಾಗಾದರೆ ಕಪ್ಪಿನ ಮೇಲಿರೋದು ಮೇಷ್ಟ್ರ ನೊಣ ಎಂದ. ಹೌದಲ್ಲ ಎನಿಸಿತು ಅವಳಿಗೆ. ಬೆಳಿಗ್ಗೆ ಆ ಕಪ್ಪಿನಲ್ಲಿ ಎರಡು ಸಲ ಕಾಫಿ ಕುಡಿದಳು.

ಕಲೆ ವಾಸಿಯಾಗಲು ಇಪ್ಪತ್ತು ದಿನ ಹಿಡಿಯಿತು. ಅಷ್ಟು ದಿನವೂ ಗೈಡ್, ನೊಣ ರಿಪೇರಿಯಲ್ಲಿದೆ ಎಂದು ಜನರನ್ನು ನಗಿಸಿದ. ಇಪ್ಪತ್ತೊಂದನೆಯ ಬೆಳಿಗ್ಗೆ, ಪರದೆಗಳೆಲ್ಲ ತೆರೆದ ಒಳ್ಳೆಯ ಬೆಳಕಿನಲ್ಲಿ ಅವಳು ಏಣಿ ಹತ್ತಿದಳು. ಹಳೆಯ ನೊಣದ ಫೋಟೋ ಜೇಬಿನಲ್ಲಿತ್ತು, ತೆಗೆಯಲಿಲ್ಲ. ಎಣ್ಣೆಬಣ್ಣದ ಟ್ಯೂಬನ್ನು ಬಿಟ್ಟು, ನೀರಿನಲ್ಲಿ ಕಲಸುವ ಬಣ್ಣವನ್ನೇ ತಟ್ಟೆಗೆ ಹಾಕಿಕೊಂಡಳು. ಮುಂದೆ ಎಂದೋ ಇಲ್ಲಿ ಕೂರುವ ಕೈಯೊಂದಕ್ಕೂ ಒರೆಸಿ ಹೆದರುವ ಅವಕಾಶ ಇರಲಿ. ನಾಲ್ಕು ಕಪ್ಪು ಎಳೆತ, ಮೇಲೆ ತೆಳ್ಳಗೆ ನೀಲಿ. ಹತ್ತು ನಿಮಿಷವೂ ಹಿಡಿಯಲಿಲ್ಲ. ಹತ್ತಿರದಿಂದ ಅದು ಬರೀ ಮಸಿಯ ಹಾಗಿತ್ತು. ಕುಂಚ ತೊಳೆಯುವಾಗ ಕಿವಿಯ ಪಕ್ಕದಲ್ಲಿ ಅಮ್ಮಾವ್ರ ದನಿ ಬಂತು.

"ಈ ಸಲ ಎಲ್ಲಿ ಕೂರಿಸ್ದೆ?"

"ಒಂದು ಬೆರಳಷ್ಟು ಎಡಕ್ಕೆ, ಅಮ್ಮಾವ್ರೇ" ಎಂದಳು.